ಬ್ಯಾಕ್ಟೀರಿಯಾದ ಹಗೇವು

(ಮಂಡ್ಯದಲ್ಲಿ ವಿಜ್ಞಾನ ವಿದ್ಯಾರ್ಥಿಗಳು ಮತ್ತು ಕಬ್ಬು ಬೆಳೆಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಹಗೇವು ನೋಡಿದವರು ಎಷ್ಟು ಜನ ಇದ್ದೀರಿ? ಹಿಂದಿನ ಸಾಲಿನ ಹಿರಿಯರು ಕೈ ಎತ್ತಿದ್ದಾರೆ. ಮುಂದೆ ಕೂತ ವಿದ್ಯಾರ್ಥಿಗಳಲ್ಲಿ ಒಂದು ಕೈಯೂ ಕಾಣಲಿಲ್ಲ. ಹಾಗಾದರೆ ಅಲ್ಲಿಂದಲೇ ಶುರು ಮಾಡೋಣ. ನಮ್ಮ ತಾತನ ಮನೆ ಮುಂದೆ ಒಂದು ಹಗೇವು ಇತ್ತು. ನೆಲದೊಳಗೆ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ಸುಗ್ಗಿ ಮುಗಿದ ಮೇಲೆ ಅದಕ್ಕೆ ರಾಗಿ ತುಂಬಿ, ಮೇಲೆ ಹುಲ್ಲು ಹಾಸಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಅದರ ಬಾಯಿ ತೆಗೆಯುತ್ತಿದ್ದರು. ತೆಗೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ, ಒಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತಿತ್ತು. ಮೊದಲು ದೀಪ ಇಳಿಬಿಡಬೇಕು; ಅದು ಆರದಿದ್ದರೆ ಆಮೇಲೆ ಮನುಷ್ಯ ಇಳಿಯಬೇಕು. ಆ ರಾಗಿಯಲ್ಲಿ ಒಂದು ಬಗೆಯ ವಾಸನೆ ಇರುತ್ತಿತ್ತು. ಬರಗಾಲದ ಮುದ್ದೆಗೆ ಆ ವಾಸನೆಯೇ ರುಚಿ ಎಂದು ನಮ್ಮಜ್ಜಿ ಹೇಳುತ್ತಿದ್ದರು.

ಇವತ್ತು ನಾನು ಮಾತಾಡಬೇಕಿರುವುದು ಹಗೇವು ಇಟ್ಟುಕೊಳ್ಳುವ ಇನ್ನೊಂದು ಜೀವಿಯ ಬಗ್ಗೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡೋ ಮೂರೋ ಪಾಲಿನಷ್ಟು ಉದ್ದದ ಬ್ಯಾಕ್ಟೀರಿಯಾ ಅದು. ನಿಮ್ಮ ಚಪ್ಪಲಿಗೆ ಮೆತ್ತಿಕೊಂಡು ಬಂದ ಮಣ್ಣಿನಲ್ಲೂ ಅದು ಇರುತ್ತದೆ. ಅದು ತನ್ನ ಹಗೇವಿನಲ್ಲಿ ತುಂಬಿಡುವುದು ಪ್ಲಾಸ್ಟಿಕ್. ನಾನು ಇದನ್ನು ಹೋಲಿಕೆಗಾಗಿ ಹೇಳುತ್ತಿಲ್ಲ. ಕಾಯಿಸಿದರೆ ಸುಮಾರು 175 ಡಿಗ್ರಿಯಲ್ಲಿ ಕರಗುವ, ಅಚ್ಚಿಗೆ ಹಾಕಿದರೆ ಆಕಾರ ಪಡೆಯುವ, ತೆಳ್ಳಗೆ ಹರಡಿದರೆ ಹಾಳೆಯಾಗುವ ನಿಜವಾದ ಪ್ಲಾಸ್ಟಿಕ್ ಅದು. ಹೆಸರು ಪಾಲಿಹೈಡ್ರಾಕ್ಸಿಬ್ಯುಟಿರೇಟ್. ನಾಲಿಗೆ ತೊಡರುವ ಹೆಸರು, ಹಾಗಾಗಿ ನಾವು ಪಿ.ಎಚ್.ಬಿ. ಅನ್ನುತ್ತೇವೆ. ಇದರ ಇಡೀ ಬಳಗಕ್ಕೆ ಪಿ.ಎಚ್.ಎ. ಎಂದು ಹೆಸರು.

ಬ್ಯಾಕ್ಟೀರಿಯಾ ಇದನ್ನು ಯಾವಾಗ ಕೂಡಿಡುತ್ತದೆ ಎಂಬುದೇ ಇಲ್ಲಿಯ ಮುಖ್ಯ ಸಂಗತಿ. ಕಬ್ಬು ಬೆಳೆಯುವವರಿಗೆ ಇದನ್ನು ವಿವರಿಸುವುದು ಸುಲಭ. ಕಡೇ ತಿಂಗಳುಗಳಲ್ಲಿ ಕಬ್ಬಿಗೆ ಯೂರಿಯಾ ಸುರಿದರೆ ಏನಾಗುತ್ತದೆ? ಗರಿ ಹಸಿರಾಗುತ್ತದೆ, ಕಬ್ಬು ಬೆಳೆಯುತ್ತಲೇ ಇರುತ್ತದೆ, ಸಕ್ಕರೆ ಕೂಡುವುದಿಲ್ಲ. ಆ ಕಬ್ಬಿನ ಹಾಲನ್ನು, ಅಂದರೆ ರಸವನ್ನು, ಕೊಪ್ಪರಿಗೆಗೆ ಹಾಕಿದರೆ ಬೆಲ್ಲ ಗಟ್ಟಿ ಬರುವುದಿಲ್ಲ, ಅಚ್ಚು ನಿಲ್ಲುವುದಿಲ್ಲ. ಅದಕ್ಕೇ ಕೊನೆಯಲ್ಲಿ ಸಾರಜನಕ ನಿಲ್ಲಿಸುತ್ತೀರಿ. ಆಗ ಗಿಡ ಬೆಳವಣಿಗೆ ಬಿಟ್ಟು ಸಕ್ಕರೆ ಕೂಡಿಡಲು ತೊಡಗುತ್ತದೆ. ಬ್ಯಾಕ್ಟೀರಿಯಾದಲ್ಲೂ ನಡೆಯುವುದು ಇದೇ. ಸುತ್ತ ಸಕ್ಕರೆ ಹೇರಳವಾಗಿದ್ದು, ಸಾರಜನಕವೋ ರಂಜಕವೋ ಮುಗಿದುಹೋದರೆ ಅದು ಪ್ರೋಟೀನು ಕಟ್ಟಲಾರದು, ಎರಡಾಗಿ ಒಡೆಯಲಾರದು. ಆದರೆ ಸಿಕ್ಕ ಸಕ್ಕರೆಯನ್ನು ಬಿಟ್ಟುಕೊಡುವುದೂ ಇಲ್ಲ. ನುಂಗಿ, ಪಿ.ಎಚ್.ಬಿ. ಮಾಡಿ, ಮೈಯೊಳಗೆ ಉಂಡೆ ಉಂಡೆಯಾಗಿ ಇಡುತ್ತದೆ. ಕುಪ್ರಿಯಾವಿಡಸ್ ನೆಕೇಟರ್ ಎಂಬ ಬ್ಯಾಕ್ಟೀರಿಯಾ ತನ್ನ ಒಣತೂಕದ ಶೇ. 80ರಷ್ಟನ್ನು ಪ್ಲಾಸ್ಟಿಕ್ ಮಾಡಿಕೊಳ್ಳಬಲ್ಲದು. ಅಷ್ಟು ಹೊತ್ತಿಗೆ ಅದು ಜೀವ ಹಿಡಿದುಕೊಂಡ ಒಂದು ಪ್ಲಾಸ್ಟಿಕ್ ಚೀಲವೇ ಸರಿ.

ಒಬ್ಬ ವಿದ್ಯಾರ್ಥಿನಿ ಒಮ್ಮೆ ಒಂದು ಒಳ್ಳೆಯ ಪ್ರಶ್ನೆ ಕೇಳಿದ್ದಳು: ಸಕ್ಕರೆಯನ್ನು ಸಕ್ಕರೆಯಾಗಿಯೇ ಏಕೆ ಇಟ್ಟುಕೊಳ್ಳಬಾರದು? ಉಪ್ಪಿನಕಾಯಿ ಜಾಡಿಯನ್ನು ನೆನಪಿಸಿಕೊಳ್ಳಿ. ಉಪ್ಪು ಬೆರೆಸಿದ ಮಾವಿನಕಾಯಿ ಹೋಳು ನೀರು ಬಿಡುತ್ತದೆ, ಏಕೆಂದರೆ ಕರಗಿದ ಉಪ್ಪು ನೀರನ್ನು ತನ್ನ ಕಡೆಗೆ ಎಳೆಯುತ್ತದೆ. ಜೀವಕೋಶದೊಳಗೆ ಅಷ್ಟೊಂದು ಸಕ್ಕರೆ ಕರಗಿಕೊಂಡಿದ್ದರೆ ಹೊರಗಿನ ನೀರೆಲ್ಲ ಒಳಗೆ ನುಗ್ಗಿ ಕೋಶ ಒಡೆದುಹೋಗುತ್ತದೆ. ಸಾವಿರಾರು ಸಣ್ಣ ಅಣುಗಳನ್ನು ಒಂದೇ ಸರದಲ್ಲಿ ಪೋಣಿಸಿ, ನೀರಿಗೆ ಕರಗದ ಉಂಡೆ ಮಾಡಿಟ್ಟರೆ ಆ ಭಯ ಇಲ್ಲ. ಈ ಪೋಣಿಸುವ ಕೆಲಸಕ್ಕೆ ಬೇಕಾಗುವ ಕಿಣ್ವಗಳು ಮೂರೇ ಮೂರು. ಒಂದು ಎರಡು ತುಣುಕುಗಳನ್ನು ಜೋಡಿಸುತ್ತದೆ, ಇನ್ನೊಂದು ಆ ಜೋಡಿಯನ್ನು ಹದ ಮಾಡುತ್ತದೆ, ಮೂರನೆಯದು ಸರ ಕಟ್ಟುತ್ತದೆ. ನಾವು ಎಣ್ಣೆಬಾವಿ ತೋಡಿ, ಸಂಸ್ಕರಣಾಗಾರ ಕಟ್ಟಿ ಮಾಡುವ ಕೆಲಸವನ್ನು ಅದು 30 ಡಿಗ್ರಿಯಲ್ಲಿ, ನೀರಿನಲ್ಲಿ, ಮೂರು ಕಿಣ್ವ ಇಟ್ಟುಕೊಂಡು ಮಾಡುತ್ತದೆ. ಇಷ್ಟು ವರ್ಷ ಪಾಠ ಹೇಳಿದ ಮೇಲೂ ಈ ಮಾತು ಹೇಳುವಾಗ ನನಗೆ ಬೆರಗು ಕಡಿಮೆಯಾಗಿಲ್ಲ.

ಇದನ್ನು ಮೊದಲು ಗುರುತಿಸಿದವರು ಫ್ರಾನ್ಸಿನ ಮೊರಿಸ್ ಲೆಮ್ವಾನ್. ಸುಮಾರು ನೂರು ವರ್ಷದ ಹಿಂದೆ, 1926ರಲ್ಲಿ. ಅವರು ಕೆಲಸ ಮಾಡಿದ ಬ್ಯಾಕ್ಟೀರಿಯಾದ ಹೆಸರು ಬ್ಯಾಸಿಲಸ್ ಮೆಗಟೇರಿಯಂ. ಈ ಹೆಸರನ್ನು ಇಲ್ಲಿರುವ ಕೆಲವು ರೈತರು ಓದಿರುತ್ತೀರಿ. ರಂಜಕ ಕರಗಿಸುವ ಜೈವಿಕ ಗೊಬ್ಬರ ತಂದಾಗ ಪ್ಯಾಕೆಟ್ ಮೇಲೆ ನೋಡಿ, ಹಲವು ಪ್ಯಾಕೆಟ್‌ಗಳಲ್ಲಿ ಇದೇ ಇರುತ್ತದೆ. ಅಜೊಟೊಬ್ಯಾಕ್ಟರ್ ತಂದಿದ್ದೀರಾ? ಅದೂ ಪಿ.ಎಚ್.ಬಿ. ಕೂಡಿಡುತ್ತದೆ. ಅಲಸಂದೆ ಗಿಡ ಕಿತ್ತಾಗ ಬೇರಿನಲ್ಲಿ ಗಂಟುಗಳು ಕಾಣುತ್ತವಲ್ಲ, ಅದರೊಳಗಿನ ಬ್ಯಾಕ್ಟೀರಿಯಾದ ಹೊಟ್ಟೆಯಲ್ಲೂ ಇದೇ ಉಂಡೆ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ಯಲ್ಲಿ ಬೇರುಗಂಟಿನ ರೈಜೋಬಿಯಂ ಮತ್ತು ಬ್ಯಾಸಿಲಸ್‌ಗಳಿಂದ ಪಿ.ಎಚ್.ಎ. ಪಡೆಯುವ ಬಗ್ಗೆ ಸಂಶೋಧನೆ ನಡೆದಿದೆ. ನಿಮ್ಮ ಹೊಲಕ್ಕೆ ನೀವೇ ದುಡ್ಡು ಕೊಟ್ಟು ತಂದು ಹಾಕುತ್ತಿರುವ ಜೀವಿಗಳು ಇವು. ಪ್ಲಾಸ್ಟಿಕ್ ಮಾಡುವ ವಿದ್ಯೆ ಅವುಗಳಿಗೆ ಮೊದಲಿನಿಂದ ಗೊತ್ತಿದೆ.

ಜಗತ್ತಿನಲ್ಲಿ ಇವತ್ತು ಹೆಸರು ಮಾಡಿರುವ ಬ್ಯಾಕ್ಟೀರಿಯಾಗಳು ಎಲ್ಲಿ ಸಿಕ್ಕವು ಎಂದು ಒಮ್ಮೆ ನೋಡಿ. ಕುಪ್ರಿಯಾವಿಡಸ್ ನೆಕೇಟರಿನ ಎಲ್ಲರೂ ಬಳಸುವ ತಳಿ ಜರ್ಮನಿಯ ಗಟಿಂಗೆನ್ ಊರಿನ ಹತ್ತಿರ ಒಂದು ಒರತೆಯ ಕೆಸರಿನಲ್ಲಿ ಸಿಕ್ಕಿತು. ಜಪಾನಿನ ಕನೆಕಾ ಕಂಪನಿಯವರಿಗೆ ಬೇಕಾದ ಬ್ಯಾಕ್ಟೀರಿಯಾ 1991ರಲ್ಲಿ ತಕಾಸಾಗೊದಲ್ಲಿರುವ ಅವರದೇ ಕಾರ್ಖಾನೆ ಆವರಣದ ಮಣ್ಣಿನಲ್ಲಿತ್ತು. ಚೀನಾದವರಿಗೆ ಒಂದು ಉಪ್ಪಿನ ಸರೋವರದಲ್ಲಿ ಸಿಕ್ಕಿತು. ಮಂಡ್ಯದವರು ಗಮನಿಸಬೇಕಾದದ್ದು ಬ್ರೆಜಿಲ್ಲಿನ ಕತೆ. ಅಲ್ಲಿನ ಕಬ್ಬಿನ ಗದ್ದೆಯ ಮಣ್ಣಿನಲ್ಲಿ ಒಂದು ಹೊಸ ಬ್ಯಾಕ್ಟೀರಿಯಾ ಸಿಕ್ಕಿತು, 2001ರಲ್ಲಿ ಅದಕ್ಕೆ ಬರ್ಕ್‌ಹೋಲ್ಡೇರಿಯಾ ಸಕ್ಕರಿ ಎಂದು ನಾಮಕರಣವಾಯಿತು. ಸಕ್ಕರಿ! ನಮ್ಮ ಸಕ್ಕರೆ ಎಂಬ ಮಾತಿನ ಬಂಧು ಅದು. ಎರಡೂ ಸಂಸ್ಕೃತದ ಶರ್ಕರದಿಂದ ಹೊರಟು, ಒಂದು ಇಲ್ಲೇ ಉಳಿದು ಇನ್ನೊಂದು ಗ್ರೀಕ್, ಲ್ಯಾಟಿನ್ ಸುತ್ತಿ ಬಂದಿದೆ. ಈ ಬ್ಯಾಕ್ಟೀರಿಯಾದ ವಿಶೇಷ ಏನೆಂದರೆ ಅದು ಕಬ್ಬಿನ ಸಕ್ಕರೆಯನ್ನು ನೇರವಾಗಿ ತಿನ್ನುತ್ತದೆ. ಕುಪ್ರಿಯಾವಿಡಸ್‌ಗೆ ಅದು ಆಗದು, ಅದಕ್ಕೆ ಸಕ್ಕರೆಯನ್ನು ಮೊದಲು ಗ್ಲೂಕೋಸು, ಫ್ರಕ್ಟೋಸು ಎಂದು ಒಡೆದು ಕೊಡಬೇಕು. ಕಬ್ಬಿನ ಗದ್ದೆಯಲ್ಲಿ ತಲೆತಲಾಂತರದಿಂದ ಬದುಕಿದ್ದಕ್ಕೆ ಕಬ್ಬಿನ ಸಕ್ಕರೆ ಒಗ್ಗಿತ್ತು. ನಮ್ಮ ಗದ್ದೆಗಳಲ್ಲಿ ಕಬ್ಬು ನೆಲೆಯೂರಿ ತೊಂಬತ್ತು ವರ್ಷ ದಾಟಿದೆ. ಕನ್ನಂಬಾಡಿ ಕಟ್ಟೆ ಆಗಿ, ನಾಲೆ ನೀರು ಬಂದು, 1933ರಲ್ಲಿ ಇಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. ಅಂದಿನಿಂದ ಆ ಕಾರ್ಖಾನೆಯ ಸುತ್ತ, ನೂರಾರು ಆಲೆಮನೆಗಳ ಹಿಂದೆ, ಸಕ್ಕರೆ ಬೆರೆತ ನೀರು ಕುಡಿದ ಮಣ್ಣು ಇದೆ. ಅದರಲ್ಲಿ ಏನೇನು ಇದೆ ಎಂದು ನಾವು ಹುಡುಕಬೇಕಾದಷ್ಟು ಹುಡುಕಿಲ್ಲ. ಇದು ನನ್ನ ಮನಸ್ಸಿನಲ್ಲಿ ಕೊರೆಯುವ ಸಂಗತಿ.

ಹುಡುಕುವುದು ಕಷ್ಟವಲ್ಲ, ಅದನ್ನು ಹೇಳುತ್ತೇನೆ. ಪಾಂಡವಪುರದ ಕಡೆ ಒಂದು ಆಲೆಮನೆ ಹಿಂದೆ, ಕೊಪ್ಪರಿಗೆ ತೊಳೆದ ನೀರು ಹರಿದು ನಿಲ್ಲುವ ಜಾಗದಿಂದ ನಾನು ಒಮ್ಮೆ ಮಣ್ಣು ತಂದೆ. ಅಲ್ಲಿಯೇ ಏಕೆ ಎಂದರೆ, ಆ ಜಾಗದಲ್ಲಿ ಸಕ್ಕರೆ ಹೆಚ್ಚು, ಸಾರಜನಕ ಕಡಿಮೆ. ಸೀಜನ್ನಿನಲ್ಲಿ ಊಟ, ಉಳಿದ ತಿಂಗಳು ಉಪವಾಸ. ಕೂಡಿಡುವ ಗುಣ ಇದ್ದವು ಮಾತ್ರ ಅಂಥ ಕಡೆ ಚೆನ್ನಾಗಿ ಉಳಿಯುತ್ತವೆ. ಒಂದು ಗ್ರಾಂ ಮಣ್ಣನ್ನು ನೀರಿನಲ್ಲಿ ಕದಡಿ 80 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟೆ. ಆ ಬಿಸಿಗೆ ಹೆಚ್ಚಿನವು ಸಾಯುತ್ತವೆ. ಬ್ಯಾಸಿಲಸ್ ಜಾತಿಯವು ಬೀಜಕ ಎಂಬ ಬಿಸಿ ತಡೆಯುವ ಗಟ್ಟಿ ರೂಪ ಕಟ್ಟಿಕೊಂಡಿರುವುದರಿಂದ ಬದುಕುತ್ತವೆ. ಆ ನೀರನ್ನು ಹತ್ತರಷ್ಟು, ಮತ್ತೆ ಹತ್ತರಷ್ಟು ಎಂದು ತೆಳುಮಾಡುತ್ತಾ ಹೋಗಿ, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯ ಮೇಲೆ ಸವರಿದೆ. ಎರಡು ದಿನಕ್ಕೆ ಚುಕ್ಕೆ ಚುಕ್ಕೆಯಾಗಿ ಬೆಳೆದವು. ಒಂದೊಂದು ಚುಕ್ಕೆಯನ್ನೂ ಎತ್ತಿ, ಸಕ್ಕರೆ ಜಾಸ್ತಿ, ಸಾರಜನಕ ಕಡಿಮೆ ಇರುವ ಇನ್ನೊಂದು ತಟ್ಟೆಗೆ ಹಾಕಿ ಬೆಳೆಸಿ, ಮೇಲೆ ಸೂಡಾನ್ ಬ್ಲ್ಯಾಕ್ ಎಂಬ ಬಣ್ಣವನ್ನು ಹೊಯ್ದೆ. ಅರ್ಧ ಗಂಟೆ ಬಿಟ್ಟು ಆಲ್ಕೊಹಾಲಿನಲ್ಲಿ ತೊಳೆದರೆ ಕೂಡಿಟ್ಟವುಗಳ ಚುಕ್ಕೆ ಕಡುನೀಲಿಯಾಗಿ ಉಳಿಯುತ್ತದೆ, ಬರಿಗೈಯವು ಬಣ್ಣ ಬಿಟ್ಟುಬಿಡುತ್ತವೆ. ಸ್ಲೈಡಿನಲ್ಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಗುಲಾಬಿ ಬಣ್ಣದ, ಕಡ್ಡಿಯಂಥ ಕೋಶದೊಳಗೆ ಸಾಲಾಗಿ ಕಪ್ಪು ಕಾಳು. ನನಗೆ ತಕ್ಷಣ ನೆನಪಾದದ್ದು ರಾಗಿ ತುಂಬಿದ ಹಗೇವು.

ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಎಚ್ಚರಿಕೆ. ಸೂಡಾನ್ ಬ್ಲ್ಯಾಕ್ ಯಾವ ಕೊಬ್ಬನ್ನೂ ಹಿಡಿಯುತ್ತದೆ. ಕಪ್ಪು ಕಂಡ ಕೂಡಲೇ ಪ್ಲಾಸ್ಟಿಕ್ ಸಿಕ್ಕಿತು ಎಂದು ಬರೆದುಬಿಡಬೇಡಿ. ಕೋಶ ಒಡೆದು, ಒಳಗಿನದನ್ನು ಬೇರ್ಪಡಿಸಿ, ಗಂಧಕಾಮ್ಲದಲ್ಲಿ ಕಾಯಿಸಿದರೆ ಪಿ.ಎಚ್.ಬಿ. ಕ್ರೊಟಾನಿಕ್ ಆಮ್ಲವಾಗುತ್ತದೆ; ಅದು 235 ನ್ಯಾನೋಮೀಟರಿನ ಬೆಳಕನ್ನು ಹೀರುತ್ತದೆ. ಅದನ್ನು ಅಳೆದ ಮೇಲೆ ಮಾತ್ರ ಇಂತಿಷ್ಟು ಎಂದು ಹೇಳಬಹುದು.

ಇನ್ನೊಂದು ಪಾಠ ನನಗೆ ಬ್ಯಾಸಿಲಸ್‌ಗಳೇ ಕಲಿಸಿದವು. ಒಮ್ಮೆ ವಾರಾಂತ್ಯ ರಜೆ ಎಂದು ಎರಡು ದಿನ ತಡವಾಗಿ ಕೋಶಗಳನ್ನು ತೆಗೆದೆ. ಕಪ್ಪು ಕಾಳು ಬಹುಪಾಲು ಮಾಯವಾಗಿತ್ತು. ಅಷ್ಟರಲ್ಲಿ ಅವು ಬೀಜಕ ಕಟ್ಟಲು ಶುರುಮಾಡಿ, ಆ ಕೆಲಸಕ್ಕೆ ಹಗೇವಿನ ದವಸವನ್ನೇ ತಿಂದು ಮುಗಿಸಿದ್ದವು. ಸೂಲಂಗಿ, ಅಂದರೆ ಹೂ, ಬಂದ ಕಬ್ಬನ್ನು ಹಾಗೇ ಬಿಟ್ಟರೆ ಒಳಗೆ ಬೆಂಡಾಗಿ ಇಳುವರಿ ಹೋಗುತ್ತದಲ್ಲ, ಹಾಗೆಯೇ. ಕಟಾವಿನ ಹೊತ್ತು ತಪ್ಪಬಾರದು. ಕಬ್ಬಿಗಾದರೆ ದಿನದ ಲೆಕ್ಕ, ಇದಕ್ಕೆ ಗಂಟೆಯ ಲೆಕ್ಕ.

ಕೋಶದಿಂದ ಬಿಡಿಸಿದ ಪಿ.ಎಚ್.ಬಿ.ಯನ್ನು ದ್ರಾವಕದಲ್ಲಿ ಕರಗಿಸಿ, ಗಾಜಿನ ತಟ್ಟೆಗೆ ಸುರಿದು ಒಣಗಲು ಬಿಟ್ಟರೆ ತೆಳ್ಳನೆಯ ಹಾಳೆ ಬರುತ್ತದೆ. ನನ್ನ ಮೊದಲ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದಾಗ ಆದ ಸಂತೋಷ ಇವತ್ತಿಗೂ ನೆನಪಿದೆ. ಮಡಿಸಿದೆ. ಹಪ್ಪಳದ ಹಾಗೆ ಲಟಕ್ಕನೆ ಮುರಿಯಿತು. ಪಿ.ಎಚ್.ಬಿ.ಯ ಸ್ವಭಾವ ಅದು. ಸರಗಳು ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಒತ್ತಿಕೊಂಡು ಹರಳುಗಟ್ಟುತ್ತವೆ, ದಿನ ಕಳೆದಂತೆ ಇನ್ನೂ ಗಟ್ಟಿಯಾಗುತ್ತವೆ. ನಾವು ದಿನಾ ಬಳಸುವ ಪಾಲಿಪ್ರೊಪಿಲೀನನ್ನು ಎಳೆದರೆ ಮೂಲ ಉದ್ದದ ಹಲವು ಪಟ್ಟು ಹಿಗ್ಗುತ್ತದೆ. ಇದು ನೂರಕ್ಕೆ ಐದರಷ್ಟು ಹಿಗ್ಗುವುದರೊಳಗೆ ತುಂಡಾಗುತ್ತದೆ. ಇದಕ್ಕೂ ಉಪಾಯ ಇದೆ, ಅದೂ ಬ್ಯಾಕ್ಟೀರಿಯಾದ ಊಟದಲ್ಲೇ. ಸಕ್ಕರೆಯ ಜೊತೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ ಕೊಟ್ಟರೆ ಸರದಲ್ಲಿ ಅಲ್ಲಲ್ಲಿ ಬೇರೆ ಗಾತ್ರದ ಮಣಿ ಸೇರಿಕೊಳ್ಳುತ್ತದೆ, ಸರಗಳು ಒತ್ತಾಗಿ ಕೂರಲಾರವು, ಹಾಳೆ ಬಾಗುತ್ತದೆ. ಕನೆಕಾದವರ ಬ್ಯಾಕ್ಟೀರಿಯಾಕ್ಕೆ ಬೆಲೆ ಬಂದದ್ದೂ ಇದಕ್ಕೇ: ಅದು ಗಿಡದ ಎಣ್ಣೆ ತಿಂದು, ತಾನಾಗಿಯೇ ಎರಡು ಬಗೆಯ ಮಣಿ ಪೋಣಿಸುತ್ತದೆ.

ಈಗ ಇದು ಮಣ್ಣಿನಲ್ಲಿ ಕರಗುವ ಮಾತು. ಸರವನ್ನು ಕಟ್ಟಿದ್ದು ಬ್ಯಾಕ್ಟೀರಿಯಾ, ಹಾಗಾಗಿ ಬಿಚ್ಚುವುದೂ ಬ್ಯಾಕ್ಟೀರಿಯಾಗಳಿಗೆ ಗೊತ್ತು. ಮಣ್ಣಿನಲ್ಲಿರುವ ಎಷ್ಟೋ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಇದನ್ನು ಕತ್ತರಿಸುವ ಕಿಣ್ವವನ್ನು ಹೊರಗೆ ಬಿಡುತ್ತವೆ. ಗಾಳಿ ಇರುವ ಕಡೆ ಕೊನೆಗೆ ಉಳಿಯುವುದು ನೀರು ಮತ್ತು ಇಂಗಾಲದ ಡೈಆಕ್ಸೈಡ್. ಕಬ್ಬು ಗಾಳಿಯಿಂದ ಎಳೆದುಕೊಂಡಿದ್ದ ಇಂಗಾಲವೇ ವಾಪಸು ಹೋಗುತ್ತದೆ. ಸರದ ಒಂದೊಂದು ಮಣಿಯೂ ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲ. ಏಕಾದಶಿ ಉಪವಾಸ ಮಾಡಿದವರ ರಕ್ತದಲ್ಲೂ ಇದೇ ಆಮ್ಲ ಹೆಚ್ಚಾಗಿರುತ್ತದೆ. ಹಸಿದಾಗ ನಮ್ಮ ಪಿತ್ತಜನಕಾಂಗ ಇದನ್ನು ಮಾಡಿ ಮೆದುಳಿಗೆ ಕಳಿಸುತ್ತದೆ. ಇದೇ ಬಳಗದ ಇನ್ನೊಂದು ಪ್ಲಾಸ್ಟಿಕ್ಕಿನಿಂದ ಮಾಡಿದ, ದೇಹದೊಳಗೇ ಕರಗುವ ಹೊಲಿಗೆ ದಾರಕ್ಕೆ ಅಮೆರಿಕದಲ್ಲಿ 2007ರಲ್ಲಿ ಅನುಮತಿ ಸಿಕ್ಕಿದೆ.

ನಾನು ಹಾಳೆಯ ತುಂಡನ್ನೂ ಒಂದು ಅಂಗಡಿ ಕವರಿನ ತುಂಡನ್ನೂ ಒಂದೇ ತಿಪ್ಪೆಯಲ್ಲಿ ಹೂತಿಟ್ಟು ಆಗಾಗ ತೆಗೆದು ನೋಡುತ್ತಿದ್ದೆ. ಮೊದಲು ಹಾಳೆಯ ಹೊಳಪು ಹೋಯಿತು, ಆಮೇಲೆ ಸಣ್ಣ ಸಣ್ಣ ತೂತು ಬಿದ್ದವು, ಆಮೇಲೆ ಹುಡುಕಿದರೂ ಸಿಗಲಿಲ್ಲ. ಕವರಿನ ತುಂಡನ್ನು ತೊಳೆದಾಗ ಅಂಗಡಿಯ ಹೆಸರು ಓದಲು ಬರುತ್ತಿತ್ತು.

ಒಬ್ಬ ರೈತರು ಮಧ್ಯದಲ್ಲಿ ಎದ್ದು ಕೇಳಿದರು: ಹಾಗಾದರೆ ಈ ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಹೊಲದಲ್ಲಿ ಜಾಸ್ತಿಯಾದರೆ ನಮ್ಮ ಡ್ರಿಪ್ ಪೈಪನ್ನೂ ತಿಂದುಬಿಡುವುದಿಲ್ಲವೇ? ಇಲ್ಲ. ಡ್ರಿಪ್ ಪೈಪಿನ ಪಾಲಿಎಥಿಲೀನಿನಲ್ಲಿ ಇಂಗಾಲಕ್ಕೆ ಇಂಗಾಲವೇ ಅಂಟಿಕೊಂಡ ಉದ್ದನೆಯ ಸರ ಇದೆ. ಪಿ.ಎಚ್.ಬಿ. ಸರದಲ್ಲಿ ಮಣಿಗೂ ಮಣಿಗೂ ನಡುವೆ ಎಸ್ಟರ್ ಎಂಬ ಕೊಂಡಿ ಇದೆ. ಆ ಕಿಣ್ವ ಕತ್ತರಿಸುವುದು ಆ ಕೊಂಡಿಯನ್ನು ಮಾತ್ರ. ಪೈಪಿನಲ್ಲಿ ಅದಕ್ಕೆ ಬಾಯಿ ಹಾಕಲು ಜಾಗವೇ ಇಲ್ಲ. ನಮ್ಮ ಹೊಲಗಳಲ್ಲಿ ಹಳೆಯ ಪ್ಲಾಸ್ಟಿಕ್ ಹಾಗೇ ಉಳಿದಿರುವುದೂ ಅದೇ ಕಾರಣಕ್ಕೆ.

ಮಾತು ಇಲ್ಲಿಗೆ ಬಂದದ್ದರಿಂದ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಅಂಗಡಿಗಳಲ್ಲಿ ಜೈವಿಕ ಪ್ಲಾಸ್ಟಿಕ್, ಬಯೋ ಎಂದೆಲ್ಲ ಬರೆದ ಚೀಲ ಕಾಣುತ್ತೀರಿ. ಎರಡು ಬೇರೆ ಬೇರೆ ಪ್ರಶ್ನೆಗಳು ಒಂದೇ ಮಾತಿನೊಳಗೆ ಸೇರಿಕೊಂಡಿವೆ: ಯಾವುದರಿಂದ ಮಾಡಿದ್ದು? ಕೊನೆಗೆ ಏನಾಗುತ್ತದೆ? ಬ್ರೆಜಿಲ್ಲಿನಲ್ಲಿ 2010ರಿಂದ ಕಬ್ಬಿನ ಎಥನಾಲಿನಿಂದ ಪಾಲಿಎಥಿಲೀನ್ ಮಾಡುತ್ತಿದ್ದಾರೆ. ಮಾಡಿದ್ದು ಕಬ್ಬಿನಿಂದಲೇ, ಆದರೆ ಮಣ್ಣಿನಲ್ಲಿ ಅದು ಡ್ರಿಪ್ ಪೈಪಿನಷ್ಟೇ ಹಠಮಾರಿ. ಇನ್ನೊಂದು ಕಡೆ ಪಿ.ಬಿ.ಎ.ಟಿ. ಎಂಬುದನ್ನು ಮಾಡುವುದು ಹೆಚ್ಚಾಗಿ ಕಲ್ಲೆಣ್ಣೆಯಿಂದ, ಆದರೂ ಅದನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ಪಿ.ಎಲ್.ಎ. ಎಂಬುದು ಗಿಡದ ಸಕ್ಕರೆಯಿಂದ ಆಗುತ್ತದೆ, ಗೊಬ್ಬರವೂ ಆಗುತ್ತದೆ, ಆದರೆ ಅದಕ್ಕೆ 60 ಡಿಗ್ರಿ ಹತ್ತಿರದ ಬಿಸಿ ವಾರಗಟ್ಟಲೆ ಬೇಕು. ಚರಂಡಿಗೆ ಬಿದ್ದ ಪಿ.ಎಲ್.ಎ. ಲೋಟ ಬಹುಕಾಲ ಲೋಟವಾಗಿಯೇ ಇರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮಾಮೂಲಿ ಪ್ಲಾಸ್ಟಿಕ್ಕಿಗೆ ಲೋಹದ ಲವಣ ಬೆರೆಸಿ ತಾನೇ ಕರಗುತ್ತದೆ ಎಂದು ಮಾರುವುದು. ಅದು ಬಿಸಿಲಿಗೆ ಪುಡಿಯಾಗುತ್ತದೆ. ಪುಡಿ ಮಣ್ಣಿನಲ್ಲಿ ಉಳಿಯುತ್ತದೆ, ಆರಿಸಲು ಆಗುವಂಥ ತುಂಡನ್ನು ಆರಿಸಲಾಗದ ದೂಳು ಮಾಡಿದ್ದಷ್ಟೇ ಲಾಭ. ಐರೋಪ್ಯ ಒಕ್ಕೂಟ ಅದನ್ನು ನಿಷೇಧಿಸಿದೆ. ನಮ್ಮಲ್ಲಿ ಗೊಬ್ಬರವಾಗುವ ಚೀಲ ಮಾರುವವರು ಐಎಸ್ 17088 ಮಾನದಂಡಕ್ಕೆ ಹೊಂದುವಂತೆ ಮಾಡಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದಿರಬೇಕು. ಕೊಳ್ಳುವಾಗ ಅದನ್ನು ಕೇಳಿ ನೋಡಿ.

ಇಷ್ಟು ಒಳ್ಳೆಯ ವಸ್ತು ನೂರು ವರ್ಷದಿಂದ ಗೊತ್ತಿದ್ದರೂ ಅಂಗಡಿಯಲ್ಲಿ ಏಕೆ ಇಲ್ಲ? ದುಡ್ಡು. ಬ್ರಿಟನ್ನಿನ ಐ.ಸಿ.ಐ. ಕಂಪನಿ ಬಯೊಪಾಲ್ ಎಂಬ ಹೆಸರಿನಲ್ಲಿ ಇದನ್ನು ಮಾಡಿತು. 1990ರಲ್ಲಿ ಜರ್ಮನಿಯಲ್ಲಿ ವೆಲ್ಲಾ ಶಾಂಪೂ ಇದೇ ಬಾಟಲಿಯಲ್ಲಿ ಬಂತು. ಬೆಲೆ ಮಾಮೂಲಿ ಪ್ಲಾಸ್ಟಿಕ್ಕಿನ ಹಲವು ಪಟ್ಟು. ಆ ವ್ಯವಹಾರ ಝೆನೆಕಾ ಕೈಗೆ, ಅಲ್ಲಿಂದ 1996ರಲ್ಲಿ ಮೊನ್ಸಾಂಟೊ ಕೈಗೆ, 2001ರಲ್ಲಿ ಮೆಟಬಾಲಿಕ್ಸ್ ಕೈಗೆ ಹೋಯಿತು. ಇವತ್ತಿಗೂ ಪಿ.ಎಚ್.ಎ. ಬೆಲೆ ಪಾಲಿಎಥಿಲೀನಿಗಿಂತ ಮೂರು ನಾಲ್ಕು ಪಟ್ಟು. ಖರ್ಚು ಎಲ್ಲಿ ಬೀಳುತ್ತದೆ? ಒಂದು, ಬ್ಯಾಕ್ಟೀರಿಯಾದ ಊಟಕ್ಕೆ. ಎರಡು, ತೊಟ್ಟಿಗೆ ಗಾಳಿ ಊದುವ, ಕಲಕುವ ಕರೆಂಟಿಗೆ. ಮೂರು, ಕೋಶ ಒಡೆದು ಪ್ಲಾಸ್ಟಿಕ್ ಬಿಡಿಸುವುದಕ್ಕೆ. ಪ್ರಯೋಗಾಲಯದಲ್ಲಿ ನಾವು ಕ್ಲೋರೊಫಾರಂ ಬಳಸುತ್ತೇವೆ, ಅದು ವಿಷ. ಹಸಿರು ಪ್ಲಾಸ್ಟಿಕ್ ಮಾಡಲು ಟನ್‌ಗಟ್ಟಲೆ ವಿಷ ಬಳಸುವುದು ಸಲ್ಲದು. ಇದಕ್ಕೆ ನನಗೆ ಬಹಳ ಇಷ್ಟವಾದ ಉತ್ತರ ಉಪ್ಪಿನ ಆಗರಗಳಲ್ಲಿದೆ. ಸ್ಪೇನಿನ ಉಪ್ಪಿನ ಆಗರದಲ್ಲಿ ಸಿಕ್ಕ ಹ್ಯಾಲೊಫೆರಾಕ್ಸ್ ಎಂಬ ಸೂಕ್ಷ್ಮಜೀವಿ ತೀರ ಉಪ್ಪು ನೀರಿನಲ್ಲಿ ಬದುಕಿ ಈ ಪ್ಲಾಸ್ಟಿಕ್ ಕೂಡಿಡುತ್ತದೆ. ಅದನ್ನು ಸಿಹಿನೀರಿಗೆ ಹಾಕಿದರೆ ಸಾಕು, ಕೋಶ ತಾನೇ ಒಡೆದು ಉಂಡೆ ಹೊರಬರುತ್ತದೆ. ಅಷ್ಟು ಉಪ್ಪಿನಲ್ಲಿ ಬೇರೆ ಹೆಚ್ಚಿನ ಸೂಕ್ಷ್ಮಜೀವಿಗಳು ಬೆಳೆಯದ ಕಾರಣ ಕಲಬೆರಕೆಯ ಭಯವೂ ಕಡಿಮೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ನಮಗೂ ಉಪ್ಪಿನ ಆಗರ ಇದೆ. ವಿದ್ಯಾರ್ಥಿಗಳು ಪ್ರವಾಸಕ್ಕೆ ಹೋದಾಗ ಗದ್ದೆಯವರ ಅನುಮತಿ ಕೇಳಿ ಒಂದು ಸೀಸೆ ನೀರು ತನ್ನಿ.

ಊಟದ ಖರ್ಚಿನ ವಿಷಯಕ್ಕೆ ಬಂದರೆ ಮಂಡ್ಯದ ಲೆಕ್ಕ ಮಾಡೋಣ. ಕಾರ್ಖಾನೆಯಲ್ಲಿ ಒಂದು ಟನ್ ಕಬ್ಬು ಅರೆದರೆ ಸುಮಾರು 100 ಕಿಲೋ ಸಕ್ಕರೆ, 280ರಿಂದ 300 ಕಿಲೋ ಸಿಪ್ಪೆ, 40-45 ಕಿಲೋ ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಕಾಕಂಬಿಯಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಬ್ಯಾಕ್ಟೀರಿಯಾ ತಿನ್ನಬಲ್ಲ ಸಕ್ಕರೆ, ಅಂದರೆ 20 ಕಿಲೋ. ಮೂರು ಕಿಲೋ ಸಕ್ಕರೆಗೆ ಒಂದು ಕಿಲೋ ಪ್ಲಾಸ್ಟಿಕ್ ಎಂದು ಬ್ರೆಜಿಲ್ಲಿನವರ ಅನುಭವ. ಹಾಗಾದರೆ ಒಂದು ಟನ್ ಕಬ್ಬಿನ ಕಾಕಂಬಿಯಿಂದ ಆರೂವರೆ ಕಿಲೋ. ಅದೇ ಕಾಕಂಬಿಯಿಂದ ಹತ್ತು ಲೀಟರಿನಷ್ಟು ಎಥನಾಲ್ ಆಗುತ್ತದೆ, ಪೆಟ್ರೋಲಿಗೆ ಶೇ. 20 ಬೆರೆಸುವ ಈ ಕಾಲದಲ್ಲಿ ಅದಕ್ಕೆ ಸಿದ್ಧ ಗಿರಾಕಿ ಇದೆ. ಪ್ಲಾಸ್ಟಿಕ್ ಮಾಡುವವರು ಈ ಪೈಪೋಟಿಯನ್ನು ಮರೆಯುವಂತಿಲ್ಲ. ದೇಶದ ಕಬ್ಬು ಸುಮಾರು 45 ಕೋಟಿ ಟನ್. ಎಲ್ಲದರ ಕಾಕಂಬಿಯನ್ನೂ ಇದಕ್ಕೇ ಸುರಿದರೂ ಬರುವುದು 30 ಲಕ್ಷ ಟನ್ನಿನ ಒಳಗೆ. ಜಗತ್ತು ವರ್ಷಕ್ಕೆ ಮಾಡುವ ಪ್ಲಾಸ್ಟಿಕ್ 40 ಕೋಟಿ ಟನ್ನಿಗೂ ಹೆಚ್ಚು. ನೂರರಲ್ಲಿ ಒಂದು ಪಾಲೂ ಇಲ್ಲ.

ಈ ಲೆಕ್ಕ ಕಂಡು ನಾನು ಎದೆಗುಂದಿಲ್ಲ, ಆದರೆ ನನ್ನ ಅಭಿಪ್ರಾಯ ಬದಲಾಯಿತು. ಮೊದಲು ಎಲ್ಲ ಪ್ಲಾಸ್ಟಿಕ್ಕಿಗೂ ಇದು ಬದಲಿ ಎಂದು ಭಾಷಣ ಮಾಡುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಬಕೆಟ್ಟು, ಕುರ್ಚಿ, ಡ್ರಿಪ್ ಪೈಪು ಇವನ್ನು ಮಾಮೂಲಿ ಪ್ಲಾಸ್ಟಿಕ್ಕಿನಲ್ಲೇ ಮಾಡಿ, ಹಳತಾದ ಮೇಲೆ ಕೊಟ್ಟು ಮತ್ತೆ ಕರಗಿಸಿ ಬಳಸಬಹುದು. ಸಂತೆಗೆ ಬಟ್ಟೆ ಚೀಲ ಒಯ್ದರೆ ಯಾವ ಪ್ಲಾಸ್ಟಿಕ್ಕೂ ಬೇಡ. ಬ್ಯಾಕ್ಟೀರಿಯಾದ ಈ ದುಬಾರಿ ಪ್ಲಾಸ್ಟಿಕ್ಕನ್ನು ಮೀಸಲಿಡಬೇಕಾದದ್ದು ಮಣ್ಣಿನಿಂದ ವಾಪಸು ತೆಗೆಯಲಾಗದ ಜಾಗಗಳಿಗೆ. ಟೊಮೇಟೊ, ಕಲ್ಲಂಗಡಿ ಸಾಲಿಗೆ ಹಾಸುವ ಮಲ್ಚಿಂಗ್ ಶೀಟ್ ಇದೆಯಲ್ಲ, 25-30 ಮೈಕ್ರಾನ್ ದಪ್ಪದ್ದು. ಬೆಳೆ ಮುಗಿಯುವ ಹೊತ್ತಿಗೆ ಅದು ಚಿಂದಿಯಾಗಿರುತ್ತದೆ, ಪೂರ್ತಿ ಎತ್ತುವುದು ಯಾರಿಗೂ ಸಾಧ್ಯವಿಲ್ಲ, ಉಳಿದದ್ದು ನೇಗಿಲಿಗೆ ಸಿಕ್ಕಿ ಇನ್ನೂ ಚೂರಾಗುತ್ತದೆ. ಅದನ್ನು ಮಣ್ಣೇ ತಿನ್ನುವ ಹಾಗಿದ್ದರೆ? ಸಸಿ ಚೀಲವನ್ನು ಹರಿಯದೆ ಹಾಗೆಯೇ ಗುಂಡಿಗೆ ಇಳಿಸುವ ಹಾಗಿದ್ದರೆ? ಒಂದೇ ಕಣ್ಣಿರುವ (ಒಂದೇ ಮೊಗ್ಗಿನ) ಕಬ್ಬಿನ ತುಂಡಿನಿಂದ ಸಸಿ ಬೆಳೆಸುವ ಟ್ರೇ ಗದ್ದೆಯಲ್ಲೇ ಕರಗುವ ಹಾಗಿದ್ದರೆ? ಅಷ್ಟಕ್ಕೆ ನಮ್ಮ ಕಾಕಂಬಿಯ ಒಂದು ಪಾಲು ಸಾಕು.

ಮಾಡಿ ತೋರಿಸಿದವರು ಇದ್ದಾರೆ. ಬ್ರೆಜಿಲ್ಲಿನ ಸಾವೊ ಪಾಲೊ ಪ್ರಾಂತ್ಯದ ಸೆರ್ರಾನಾದಲ್ಲಿ ಸಕ್ಕರೆ ಕಾರ್ಖಾನೆಯ ಪಕ್ಕದಲ್ಲೇ 1990ರ ದಶಕದಲ್ಲಿ ಒಂದು ಪ್ರಾಯೋಗಿಕ ಘಟಕ ನಡೆಸಿದರು. ಊಟ ಕಬ್ಬಿನ ಸಕ್ಕರೆ, ಹಬೆ ಮತ್ತು ಕರೆಂಟು ಕಬ್ಬಿನ ಸಿಪ್ಪೆ ಸುಟ್ಟದ್ದು. ಪ್ಲಾಸ್ಟಿಕ್ ಬಿಡಿಸಲು ಬಳಸಿದ್ದು ಕ್ಲೋರೊಫಾರಂ ಅಲ್ಲ, ಎಥನಾಲ್ ಭಟ್ಟಿಯಲ್ಲಿ ಉಪಉತ್ಪನ್ನವಾಗಿ ಬರುವ ದಪ್ಪ ಆಲ್ಕೊಹಾಲುಗಳು. ಮಿಕ್ಕ ಕೋಶದ ಹಿಂಡಿ ಮತ್ತೆ ಗದ್ದೆಗೆ. ಒಂದು ಸಕ್ಕರೆ ಕಾರ್ಖಾನೆಯ ಬೇಲಿಯೊಳಗೇ ಎಲ್ಲವೂ ಸಿಕ್ಕಿತು ಎಂಬುದನ್ನು ಗಮನಿಸಿ. ಆ ಬೇಲಿಯೊಳಗಿದ್ದದ್ದರಲ್ಲಿ ಮಂಡ್ಯದಲ್ಲಿ ಇಲ್ಲದ್ದು ಯಾವುದು?

ಇಲ್ಲಿ ಕೆಲವು ಆಲೆಮನೆಗಳಲ್ಲಿ ಒಲೆಗೆ ಸಿಪ್ಪೆಯ ಜೊತೆ ಹಳೇ ಟೈರು, ಪ್ಲಾಸ್ಟಿಕ್ ಕಸ ಹಾಕುವುದನ್ನು ನೀವೂ ನೋಡಿದ್ದೀರಿ. ನಾನು ಬೈಯಲು ಇದನ್ನು ಎತ್ತಲಿಲ್ಲ, ಸೌದೆ ಬೆಲೆ, ಬೆಲ್ಲದ ಬೆಲೆ ಎರಡೂ ನನಗೆ ಗೊತ್ತು. ಆ ಕಪ್ಪು ಹೊಗೆ ಉಸಿರಾಡುವವರು ಒಲೆ ಮುಂದೆ ಕೂತ ನಮ್ಮ ಜನವೇ, ಅದು ನನಗೆ ನೋವು. ಮೇಲೆ ಕೊಪ್ಪರಿಗೆಯಲ್ಲಿ ಪ್ಲಾಸ್ಟಿಕ್ ಆಗಬಲ್ಲ ಕಬ್ಬಿನ ಹಾಲು ಕುದಿಯುತ್ತಿದೆ, ಕೆಳಗೆ ಯಾವುದೋ ಊರಿನ ಪ್ಲಾಸ್ಟಿಕ್ ಉರಿಯುತ್ತಿದೆ.

ಮೈಸೂರಿನಿಂದ ಬಂದವರಿಗೆ ಒಂದು ಮಾತು. ಕಬ್ಬಿಲ್ಲದಿದ್ದರೂ ನಿಮ್ಮಲ್ಲಿ ಕೊಳಚೆ ನೀರು ಇದೆ. ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆಗಳಲ್ಲಿ ಶುದ್ಧೀಕರಣ ಘಟಕಗಳಿವೆ. ಇಂಥ ಘಟಕಗಳ ಕೆಸರಿನಲ್ಲಿ ಪಿ.ಎಚ್.ಎ. ಇರುವುದು 1974ರಲ್ಲೇ ಪತ್ತೆಯಾಗಿತ್ತು. ಆ ಕೆಸರಿಗೆ ಸ್ವಲ್ಪ ಹೊತ್ತು ಭರ್ಜರಿ ಊಟ, ಆಮೇಲೆ ಬಹಳ ಹೊತ್ತು ಉಪವಾಸ, ಹೀಗೆ ದಿನಾ ಮಾಡುತ್ತಾ ಹೋದರೆ ಕೂಡಿಡದ ಬ್ಯಾಕ್ಟೀರಿಯಾ ಕ್ರಮೇಣ ಸೋಲುತ್ತವೆ, ಕೂಡಿಡುವವು ಗೆಲ್ಲುತ್ತವೆ. ಶುದ್ಧ ತಳಿ ಬೇಡ, ತೊಟ್ಟಿಯನ್ನು ಕ್ರಿಮಿಶುದ್ಧ ಮಾಡುವ ಖರ್ಚೂ ಬೇಡ. ಆಲೆಮನೆ ಹಿಂದಿನ ಗುಂಡಿಯಲ್ಲಿ ಋತುಮಾನ ಮಾಡುವ ಕೆಲಸವನ್ನೇ ತೊಟ್ಟಿಯಲ್ಲಿ ನಾವು ಗಂಟೆಗಳ ಲೆಕ್ಕದಲ್ಲಿ ಮಾಡುತ್ತೇವೆ.

ಹೊರಗಿನ ವರಾಂಡದಲ್ಲಿ ಎರಡು ಮೈಕ್ರೋಸ್ಕೋಪ್ ಇಟ್ಟಿದ್ದೇವೆ. ಎಡಗಡೆಯದರಲ್ಲಿ ಸಾರಜನಕ ಸಾಕಷ್ಟು ಕೊಟ್ಟು ಬೆಳೆಸಿದ ಬ್ಯಾಸಿಲಸ್, ಬಲಗಡೆಯದರಲ್ಲಿ ಅದೇ ಬ್ಯಾಸಿಲಸ್, ಸಾರಜನಕ ಕಡಿಮೆ ಮಾಡಿ ಬೆಲ್ಲದ ನೀರು ಕೊಟ್ಟದ್ದು. ಮೊದಲು ಎಡಗಡೆಯದು ನೋಡಿ, ಆಮೇಲೆ ಬಲಗಡೆಯದು. ಹಿರಿಯರು ಮೊದಲು ಬನ್ನಿ, ನೀವು ಹಗೇವಿನ ಬಾಯಿ ತೆಗೆದವರು. ನೋಡಿ ಆದ ಮೇಲೆ ಮೇಜಿನ ಮೇಲಿರುವ ಕಾಗದದ ಪೊಟ್ಟಣ ಒಂದೊಂದು ತೆಗೆದುಕೊಂಡು ಹೋಗಿ. ನಿಮ್ಮ ಆಲೆಮನೆ ಹಿಂದಿನದೋ, ಅಲಸಂದೆ ಹೊಲದ್ದೋ, ತಿಪ್ಪೆಯದೋ, ಒಂದು ಚಮಚ ಮಣ್ಣು ಸಾಕು. ಮೇಲ್ಪದರ ಕೆರೆದು ಒಂದು ಗೇಣಿನೊಳಗಿನ ಮಣ್ಣು ತೆಗೆಯಿರಿ, ಊರು, ಹೊಲ, ತಾರೀಖು ಪೊಟ್ಟಣದ ಮೇಲೆ ಬರೆಯಿರಿ, ನೆರಳಲ್ಲಿಡಿ. ಮುಂದಿನ ವಾರ ಈ ಹುಡುಗರೇ ಬಂದು ತೆಗೆದುಕೊಳ್ಳುತ್ತಾರೆ.